ಮಲಗಿದವರ ಎದುರು

ನಲವತ್ತೊಂದನೇ ನಿಮಿಷದಲ್ಲಿ ನಾನು ನಿದ್ದೆ ಹೋಗಿದ್ದೇನೆ. ಇದು ನನಗೆ ತಿಳಿದದ್ದು ಆರು ದಿನ ಕಳೆದ ಮೇಲೆ, ಸಂಶೋಧನಾ ವಿದ್ಯಾರ್ಥಿಗಳ ಕೋಣೆಯ ಮೂಲೆ ಮೇಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಹನ್ನೊಂದನೇ ಸಂದರ್ಶನವನ್ನು ಟೈಪ್ ಮಾಡುತ್ತಿದ್ದಾಗ.

ರೆಕಾರ್ಡಿಂಗಿನಲ್ಲಿ ಮೊದಲು ನನ್ನ ಪ್ರಶ್ನೆ ಇದೆ. ಮನೆಯೊಳಗೆ ಜನ ಇದ್ದಾರೆಂದು ಗೊತ್ತಾದಾಗ ನಿಮ್ಮ ನಿರ್ಧಾರ ಹೇಗೆ ಬದಲಾಗುತ್ತಿತ್ತು? ಆಮೇಲೆ ಹನ್ನೊಂದರ ಉತ್ತರ. ಹನ್ನೊಂದು ಅಂದರೆ ಅರವತ್ತೆಂಟು ವರ್ಷದ ಒಬ್ಬ ಮನೆಗಳ್ಳ. ಜೀವಮಾನವಿಡೀ ಬಾಗಿಲು ಮುಟ್ಟದವರು, ಹಾಗಾಗಿ ಜೈಲಿನಲ್ಲಿ ಅವರಿಗೆ ‘ಕಿಟಕಿ’ ಎಂದು ಹೆಸರು. ಪ್ರಬಂಧದಲ್ಲಿ ಅಡ್ಡಹೆಸರೂ ಬರುವಂತಿಲ್ಲ, ಬರೀ ಅಂಕಿ.

"ಜನ ಇದ್ರೇನಮ್ಮ, ಮಲಗಿದ್ರೆ ಸಾಕು. ಮಲಗಿದಾರೋ ಮಲಗಿದ ಹಾಗೆ ನಾಟಕ ಆಡ್ತಿದಾರೋ ಅನ್ನೋದು ಉಸಿರಲ್ಲಿ ಗೊತ್ತಾಗುತ್ತೆ. ನಾಟಕದೋರು ಉಸಿರನ್ನ ಅಳತೆ ಮಾಡಿ ಬಿಡ್ತಾರೆ. ನಿಜವಾಗಿ ಮಲಗಿದೋರಿಗೆ ಲೆಕ್ಕ ಇರಲ್ಲ. ಒಂದು ಉದ್ದ, ಒಂದು ಗಿಡ್ಡ."

ನಾನು "ಹಾಂ" ಅನ್ನುತ್ತೇನೆ. ಸ್ವಲ್ಪ ಬಿಟ್ಟು ಇನ್ನೊಂದು "ಹಾಂ". ಆಮೇಲೆ ನನ್ನ ದನಿಯಿಲ್ಲ. ಉಸಿರು ಮಾತ್ರ, ಒಂದು ಉದ್ದ, ಒಂದು ಗಿಡ್ಡ.

"ಏನಮ್ಮಾ? ಅಮ್ಮಾವ್ರೇ?" ಕುರ್ಚಿ ಕಿರುಗುಟ್ಟುವ ಸದ್ದು. ಮೂಗಿನಲ್ಲೇ ಒಂದು ಸಣ್ಣ ನಗು. "ಓಹೋ. ಹೋದ್ರು."

ನಂತರ ಅವರು ದನಿ ಇಳಿಸಿ ಮಾತಾಡುತ್ತಾರೆ. ಬಣ್ಣದ ಕಾರ್ಖಾನೆ ಹಿಂದಿನ ಬೀದಿ. ಮೂರನೇ ಮನೆ, ಹಿಂಬದಿಯ ಸ್ನಾನದ ಕೋಣೆ ಕಿಟಕಿ. ವರ್ಷ, ತಿಂಗಳು. ನಾಲ್ಕು ಬಳೆ, ಒಂದು ಸರ. ಆ ಮನೆಯಲ್ಲಿ ಅಡುಗೆ ಕೆಲಸಕ್ಕಿದ್ದ ಹೆಂಗಸಿನ ತಲೆಗೆ ಅದು ಬಂತು. ಅವಳು ಎರಡು ವರ್ಷ ಒಳಗಿದ್ದಳು. "ನಾನು ಪೇಪರಲ್ಲಿ ಓದ್ದೆ. ಓದಿ, ಮಡಚಿ ಇಟ್ಟೆ. ಅಷ್ಟೇ ನಾನು ಮಾಡಿದ್ದು." ಒಟ್ಟು ಐವತ್ತು ಸೆಕೆಂಡು.

ಕೊನೆಗೆ ನನ್ನ ದನಿ, ರೈಲ್ವೆ ನಿಲ್ದಾಣದ ಪ್ರಕಟಣೆಯ ಹಾಗೆ ಚುರುಕಾಗಿ: "ಹಾಂ, ಮುಂದುವರಿಸಿ."

"ಏನಿಲ್ಲಮ್ಮ. ಅಷ್ಟೇ."

ಪ್ರತಿ ಸಂದರ್ಶನದ ಶುರುವಿನಲ್ಲೂ ನಾನು ಒಂದು ಮಾತು ಹೇಳುತ್ತೇನೆ. ಶಿಕ್ಷೆ ಆಗಿರುವ ಕಳವಿನ ಬಗ್ಗೆ ಎಷ್ಟು ಬೇಕಾದರೂ ಹೇಳಿ. ಶಿಕ್ಷೆ ಆಗದೇ ಇರುವುದರ ದಿನ, ಜಾಗ, ಮನೆ ಹೇಳಬೇಡಿ. ಹೇಳಿದರೆ ಇಪ್ಪತ್ನಾಲ್ಕು ಗಂಟೆಯೊಳಗೆ ನಾನು ವರದಿ ಮಾಡಲೇಬೇಕು. ಮಾತು ಆ ಕಡೆ ವಾಲಿದರೆ ನಾನು ಅಂಗೈ ಎತ್ತಬೇಕು, ಸಂಚಾರಿ ಪೊಲೀಸಿನವರ ಹಾಗೆ. ಹತ್ತು ಸಂದರ್ಶನಗಳಲ್ಲಿ ಹದಿನೇಳು ಸಲ ಎತ್ತಿದ್ದೆ. ಹನ್ನೊಂದನೆಯದರಲ್ಲಿ ಆ ಕೈ ನನ್ನ ಕೆನ್ನೆಗೆ ಊರುಗೋಲಾಗಿತ್ತು.

ಓದಲೆಂದು ಈ ದೇಶಕ್ಕೆ ಬಂದವಳು ನಾನು, ಆ ದಿನ ಮುಂಜಾನೆ ವಿದೇಶಿಯರ ನೋಂದಣಿ ಕಚೇರಿಯ ಸಾಲಿನಲ್ಲಿದ್ದೆ. ಟೋಕನ್ ಕೊಡುವುದು ಎಂಟಕ್ಕೆ, ಸಾಲು ಶುರುವಾಗುವುದು ನಾಲ್ಕೂವರೆಗೆ. ಹತ್ತೂವರೆಗೆ ನನ್ನ ಸರದಿ ಬಂದಾಗ ಗಾಜಿನ ಆಚೆಯ ಗುಮಾಸ್ತ ಫೋಟೋವನ್ನೂ ನನ್ನನ್ನೂ ನೋಡಿ, "ಇದು ನೀವೇನಾ?" ಎಂದ. ಫೋಟೋ ಮೂರೂವರೆ ವರ್ಷ ಹಿಂದಿನದು. "ಆಗ ನಾನೇ" ಎಂದೆ. ಅವನಿಗೆ ನಗು ಬರಲಿಲ್ಲ. ಗೈಡ್ ಕೊಡುವ ಪ್ರಗತಿ ಪತ್ರ ತನ್ನಿ, ಇನ್ನೊಂದು ವರ್ಷ ವೀಸಾ ಸಿಗುತ್ತದೆ. ತರದಿದ್ದರೆ ಈ ತಿಂಗಳ ಕೊನೆಗೆ ಹೊರಡಿ ಎಂದ. ಅಲ್ಲಿಂದ ಮೂರು ಬಸ್ಸು ಬದಲಾಯಿಸಿ ಜೈಲಿಗೆ ಹೋದೆ. ಎದುರಿಗಿದ್ದವರು ನಿದ್ದೆಯ ಬಗ್ಗೆ ಹಿತವಾಗಿ ಮಾತಾಡುತ್ತಿದ್ದರು. ಅವರ ತಪ್ಪಂತೂ ಅಲ್ಲ.

ಹೆಡ್‌ಫೋನ್ ತೆಗೆದಿಟ್ಟು ಕೂತೆ. ವರದಿ ಮಾಡಿದರೆ ಹನ್ನೊಂದರ ಬಿಡುಗಡೆ ನಿಲ್ಲುತ್ತದೆ. ಅದಕ್ಕೆ ಉಳಿದಿದ್ದದ್ದು ಹನ್ನೆರಡು ದಿನ. ಮಾತು ಬಿಟ್ಟಿದ್ದ ಮಗಳು ಈಗ ತನ್ನ ಮನೆಯಲ್ಲೇ ಜಾಗ ಕೊಡುತ್ತೇನೆ ಎಂದಿದ್ದಳಂತೆ. ಜೈಲಿನ ಬಾಗಿಲು ನನಗೂ ಮುಚ್ಚುತ್ತದೆ. ಒಬ್ಬ ಸಂಶೋಧಕಿ ಒಬ್ಬನನ್ನು ಸಿಕ್ಕಿಸಿದಳು ಎಂದಾದ ಮೇಲೆ ಹನ್ನೆರಡನೆಯವನು ಯಾಕೆ ಬಾಯಿ ಬಿಡುತ್ತಾನೆ? ಹನ್ನೆರಡು ಸಂದರ್ಶನ ಇಲ್ಲದೆ ಪ್ರಗತಿ ಇಲ್ಲ, ಪ್ರಗತಿ ಇಲ್ಲದೆ ಪತ್ರ ಇಲ್ಲ, ಪತ್ರ ಇಲ್ಲದೆ ನಾನಿಲ್ಲ.

ಅಷ್ಟರಲ್ಲಿ ಊರಿಂದ ಅಮ್ಮನ ಫೋನ್ ಬಂತು.

"ಊಟ ಆಯ್ತಾ?"

"ಆಯ್ತು."

"ಏನು?"

"ಊಟಾನೇ."

"ನಿಮ್ಮಣ್ಣ ಕೇಳ್ತಿದ್ದ, ಪೊಲೀಸಿನೋರು ಆರು ತಿಂಗಳಲ್ಲಿ ಕಲಿಯೋದಕ್ಕೆ ಇವಳಿಗೆ ನಾಲ್ಕು ವರ್ಷ ಯಾಕೆ ಬೇಕು ಅಂತ."

"ಅವರು ಹಿಡಿಯೋದು ಕಲೀತಾರೆ. ನಾನು ಕೇಳಿಸ್ಕೊಳ್ಳೋದು ಕಲೀತಿದೀನಿ."

"ಕೇಳಿಸ್ಕೊಳ್ಳೋಕೆ ನಾಲ್ಕು ವರ್ಷನಾ? ನಿಮ್ಮಪ್ಪನಿಗೆ ನಲವತ್ತು ವರ್ಷ ಆದ್ರೂ ಬರಲಿಲ್ಲ ಬಿಡು." ಅಮ್ಮ ತನ್ನ ಮಾತಿಗೆ ತಾನೇ ನಕ್ಕು, ನನ್ನ ನಗು ಕೇಳಿಸದೆ ನಿಲ್ಲಿಸಿದಳು. "ದನಿ ಯಾಕೆ ಹೀಗಿದೆ? ನಿದ್ದೆ ಸರಿಯಾಗಿ ಮಾಡ್ತಿದೀಯಾ?"

"ಮಾಡ್ತಿದೀನಮ್ಮ. ಕೆಲಸದ ಹೊತ್ತಲ್ಲೂ ಮಾಡ್ತಿದೀನಿ."

ಮರುದಿನ ಗೈಡ್ ಹತ್ತಿರ ಹೋದೆ. ಈ ವರ್ಷದ ಕೊನೆಗೆ ಅವರ ನಿವೃತ್ತಿ. ಕೋಣೆಯ ಅರ್ಧ ಪುಸ್ತಕ ರಟ್ಟಿನ ಪೆಟ್ಟಿಗೆಗಳಿಗೆ ಇಳಿದಿದ್ದವು. ಪೆಟ್ಟಿಗೆಯೊಂದರ ಮೇಲೆ ನನ್ನ ಎರಡನೇ ಅಧ್ಯಾಯ, ಅದರ ಮೇಲೆ ಕಿತ್ತಳೆ ಸಿಪ್ಪೆ. ನಾನು ಹೇಳಿದ್ದನ್ನೆಲ್ಲ ಅವರು ಒಂದೊಂದೇ ತೊಳೆ ಬಿಡಿಸುತ್ತಾ ಕೇಳಿದರು.

"ಯಾರಿಗೆಲ್ಲ ಹೇಳಿದೀಯಾ?"

"ಮೊದಲು ನಿಮಗೇ ಮೇಡಂ."

"ಒಳ್ಳೇದು. ಕೊನೇನೂ ನಾನೇ ಆಗಿರಲಿ." ಒಂದು ತೊಳೆ ನನ್ನ ಕಡೆ ಚಾಚಿದರು. "ನೋಡು, ನೀನು ಕೇಳಿಸ್ಕೊಂಡಿಲ್ಲ. ಮಲಗಿದ್ದೆ. ಕೇಳಿಸ್ಕೊಂಡಿದ್ದು ಮೆಷಿನ್ನು. ಮೆಷಿನ್ನು ನನ್ನ ವಿದ್ಯಾರ್ಥಿ ಅಲ್ಲ."

"ನಿನ್ನೆ ಆರು ಸಲ ಕೇಳಿಸ್ಕೊಂಡೆ ಮೇಡಂ. ಎಚ್ಚರವಾಗೇ."

"ಆರು ಸಲ ಯಾಕೆ?"

"ಐದು ಸಲ ನಂಬಿಕೆ ಬರಲಿಲ್ಲ."

ಅವರು ಕಣ್ಣುಜ್ಜಿಕೊಂಡರು. ನನಗಿಂತ ಹೆಚ್ಚು ದಣಿದಂತಿದ್ದರು. ಹಾಗೆ ದಣಿಯುವುದಕ್ಕೂ ಒಂದು ಸೇವಾ ಹಿರಿತನ ಬೇಕು. "ಹಿಂತೆಗೆತದ ಅರ್ಜಿ ಇದೆಯಲ್ಲ. ಸಂದರ್ಶನ ಕೊಟ್ಟೋರು ಹದಿನಾಲ್ಕು ದಿನದೊಳಗೆ ‘ನನಗೆ ಬೇಡ’ ಅಂತ ಸಹಿ ಹಾಕಿದ್ರೆ ರೆಕಾರ್ಡಿಂಗ್ ಅಳಿಸ್ತೀವಿ. ಸಂದರ್ಶನಾನೇ ಇಲ್ಲ ಅಂದ್ಮೇಲೆ ಅದರೊಳಗಿನ ಮಾತೆಲ್ಲಿಂದ ಬರುತ್ತೆ? ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಹನ್ನೊಂದಕ್ಕೆ ಇನ್ನೊಬ್ಬನ್ನ ಹುಡುಕು. ಸೋಮವಾರ ನಿನ್ನ ಪತ್ರಕ್ಕೆ ಸಹಿ ಹಾಕ್ತೀನಿ. ಅಷ್ಟರಲ್ಲಿ ಇದು ಮುಗಿದಿರಲಿ."

"ಆ ಹೆಂಗಸು, ಮೇಡಂ?"

"ಯಾವ ಹೆಂಗಸು?"

ಅವರು ನಟಿಸುತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ನಿಜವಾಗಿ ಮರೆತಿದ್ದರು. ನನ್ನನ್ನು ಹೆದರಿಸಿದ್ದು ಅದೇ. ಬುದ್ಧಿವಂತೆ, ಒಳ್ಳೆಯ ಹೆಂಗಸು, ಜೈಲುಗಳ ಬಗ್ಗೆ ಐದು ಪುಸ್ತಕ ಬರೆದವರು. ನೆನಪಿಸಿದ ಮೇಲೆ ಹಣೆ ಸುಕ್ಕಾಗಿಸಿ, "ಹೌದಲ್ಲ, ಪಾಪ" ಎಂದರು. ಕಿತ್ತಳೆ ಮುಗಿದಿತ್ತು.

ಶುಕ್ರವಾರ ಹನ್ನೆರಡನೇ ಸಂದರ್ಶನಕ್ಕೆ ಜೈಲಿಗೆ ಹೋಗಬೇಕಿತ್ತು. ಅದಕ್ಕೂ ಮೊದಲು ಹನ್ನೊಂದನ್ನು ಹತ್ತು ನಿಮಿಷ ನೋಡಲು ಅನುಮತಿ ಕೇಳಿದೆ. ಸ್ಪಷ್ಟೀಕರಣಕ್ಕೆ ಅಂತ ಬರೆದರೆ ಕೊಡುತ್ತಾರೆ. ಚೀಲದಲ್ಲಿ ಎರಡು ಕಾಗದ ಇಟ್ಟುಕೊಂಡೆ. ಒಂದು ಹಿಂತೆಗೆತದ ಅರ್ಜಿ. ಇನ್ನೊಂದು ವರದಿಯ ನಮೂನೆ. ಎರಡನೆಯದನ್ನು ಯಾಕೆ ತೆಗೆದುಕೊಂಡೆ ಎಂದು ಬಸ್ಸಿನಲ್ಲಿ ಯೋಚಿಸಲು ಹೊರಟು, ಯೋಚಿಸದೆ, ಕಿಟಕಿಯ ಸರಳಿಗೆ ತಲೆಯಿಟ್ಟು ಕೂತೆ.

"ಬಂದ್ರಾ ಡಾಕ್ಟರಮ್ಮ" ಎಂದಳು ಗೇಟಿನ ವಾರ್ಡರ್. ನಡುವಯಸ್ಸಿನ ಹೆಂಗಸು, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. "ಫೋನು, ಕೀ, ಬೆಲ್ಟು. ನಮ್ಮಲ್ಲಿ ಕೆಲವರು ನಿಮಗಿಂತ ಕಮ್ಮಿ ಸಲ ಬಂದಿದಾರೆ ಇಲ್ಲಿಗೆ."

"ಅವರಿಗೆ ಊಟ ಕೊಡ್ತೀರಲ್ಲ."

"ನೀವೂ ಏನಾದ್ರೂ ಕದೀರಿ, ಕೊಡೋಣ."

ಸಂದರ್ಶನದ ಕೋಣೆಗೆ ಮೂರು ಗೋಡೆ ಸಿಮೆಂಟಿನದು, ನಾಲ್ಕನೆಯದು ಗಾಜಿನದು. ಮೇಜನ್ನು ನೆಲಕ್ಕೆ ಮೊಳೆ ಹೊಡೆದು ಕೂರಿಸಿದ್ದಾರೆ. ಹನ್ನೊಂದು ಬಂದು ಕೂತರು. ಕ್ಷೌರ ಮಾಡಿಸಿಕೊಂಡಿದ್ದರು, ಕಿವಿ ಎರಡೂ ದೊಡ್ಡದಾಗಿ ಕಾಣುತ್ತಿದ್ದವು.

"ಇವತ್ತು ನಿದ್ದೆ ಆಗಿದೆಯಾ?" ಎಂದರು.

"ಯಜಮಾನ್ರೇ, ಅವತ್ತು ನೀವು ಹೇಳಿದ್ದು ನನಗೆ ಗೊತ್ತಾಯ್ತು."

"ಏನು ಹೇಳ್ದೆ?"

"ಬಣ್ಣದ ಕಾರ್ಖಾನೆ ಹಿಂದಿನ ಬೀದಿ."

ಅವರು ನನ್ನ ಮುಖ ನೋಡಿದರು. ಗಾಜಿನಾಚೆ ನೋಡಿದರು. "ನೀವು ಮಲಗಿದ್ರಿ. ನಾನು ನೋಡಿದೀನಿ. ಉಸಿರು ಕೇಳಿದೀನಿ. ನಾಟಕ ಆಗಿರಲಿಲ್ಲ ಅದು."

"ನಾಟಕ ಅಲ್ಲ. ನಾನು ಮಲಗೇ ಇದ್ದೆ. ರೆಕಾರ್ಡರ್ ಎದ್ದಿತ್ತು."

ಸ್ವಲ್ಪ ಹೊತ್ತು ಅವರಿಗೆ ಅರ್ಥವಾಗಲಿಲ್ಲ. ನಂತರ ಆಯಿತು. ಮೇಜಿನ ಮೇಲೆ ಅವತ್ತು ರೆಕಾರ್ಡರ್ ಇದ್ದ ಜಾಗಕ್ಕೆ ಅವರ ಕಣ್ಣು ಹೋಯಿತು. ಇವತ್ತು ಅಲ್ಲಿ ಏನೂ ಇರಲಿಲ್ಲ. ನಲವತ್ತು ವರ್ಷ ನಾಯಿ ಎಲ್ಲಿದೆ, ದೀಪ ಎಲ್ಲಿದೆ, ಮಗು ಯಾವ ಮಗ್ಗುಲಲ್ಲಿದೆ ಎಂದು ನೋಡಿಯೇ ಕಾಲಿಟ್ಟವರು. ಮಲಗಿದವರು ಮಲಗಿದ್ದಾರೆ ಎಂದು ಖಾತ್ರಿ ಆದ ಮೇಲೆ, ಕಣ್ಣೆದುರೇ ಕೆಂಪು ದೀಪ ಹೊತ್ತಿಸಿಕೊಂಡು ಕೂತಿದ್ದ ವಸ್ತುವನ್ನು ಮರೆತಿದ್ದರು.

"ಥೂ" ಎಂದರು, ನನಗಲ್ಲ. "ಎಳಸು ಕಳ್ಳ ಕೂಡ ಹೀಗೆ ಮಾಡಲ್ಲ."

"ಯಾಕೆ ಹೇಳಿದ್ರಿ?"

"ಮಲಗಿದೋರ ಎದುರು ನನಗೆ ಯಾವತ್ತೂ ಭಯ ಆಗಿಲ್ಲಮ್ಮ. ಎದ್ದಿರೋರ ಹತ್ರ ಮಾತಾಡೋಕೇ ಕಷ್ಟ. ನೀವು ತೂಕಡಿಸಿದ್ರಿ, ನನ್ನ ಬಾಯಿ ತಾನಾಗೇ ಬಿಚ್ಕೊಳ್ತು." ಎರಡೂ ಕೈ ಮೇಜಿನ ಮೇಲಿಟ್ಟರು. "ಈಗೇನು? ವರದಿನಾ?"

"ನಿಯಮ ಇರೋದು ಒಂದು ದಿನ. ಮೂರು ದಿನ ಆಗಿದೆ."

"ಹಾಗಾದ್ರೆ ಎರಡು ದಿನ ನೀವೂ ಕದ್ದಿದೀರಿ. ಇನ್ನೊಂಬತ್ತು ಕದ್ದುಬಿಡಿ. ನಾನು ಹೊರಗೆ ಹೋಗಿಬಿಡ್ತೀನಿ, ಆಮೇಲೆ ಬರ್ಕೊಳ್ಳಿ."

"ಆಗಲ್ಲ."

"ಕದಿಯೋಕೆ ಶುರು ಮಾಡಿದ ಮೇಲೆ ‘ಆಗಲ್ಲ’ ಅನ್ನೋರು ಬಹಳ ದಿನ ಉಳಿಯಲ್ಲ ಈ ಕಸುಬಲ್ಲಿ."

ನಾನು ಹಿಂತೆಗೆತದ ಅರ್ಜಿ ಅವರ ಕಡೆ ತಿರುಗಿಸಿ ಇಟ್ಟೆ. ಗೈಡ್ ಹೇಳಿದ್ದನ್ನೇ ಹೇಳಿದೆ. ಇಲ್ಲಿ ಸಹಿ ಮಾಡಿದರೆ ಎಲ್ಲ ಅಳಿಸಿಹೋಗುತ್ತದೆ, ನೀವು ಮಗಳ ಮನೆಗೆ ಹೋಗಬಹುದು ಎಂದೆ. ಹೇಳುವಾಗ ನನ್ನ ದನಿಯಲ್ಲಿ ಒಂದು ಆಸೆ ಇತ್ತು. ಅವರಿಗಾಗಿಯೋ ಸೋಮವಾರದ ಪತ್ರಕ್ಕಾಗಿಯೋ ಎಂದು ಬಿಡಿಸಿ ನೋಡುವಷ್ಟು ಚೈತನ್ಯ ನನ್ನಲ್ಲಿರಲಿಲ್ಲ.

ಅವರು ಕಾಗದವನ್ನು ಬೆರಳಿಟ್ಟು ಓದಿದರು. ಪೆನ್ನು ತೆಗೆದುಕೊಂಡರು. ಸಹಿಯ ಜಾಗ ಹುಡುಕಿ, ಮೊದಲ ಅಕ್ಷರದ ಗೀಟು ಎಳೆಯುವ ಮುಂಚೆ, ಸುಮ್ಮನೆ ಮಾತಿಗೆ ಎಂಬಂತೆ ಕೇಳಿದರು.

"ನನ್ನನ್ನ ಹ್ಯಾಗೆ ಆರಿಸಿದ್ರಿ ನೀವು? ಇಷ್ಟು ಜನ ಇದ್ದಾರೆ."

"ಮನೆ ಕಳ್ಳತನಕ್ಕೆ ಶಿಕ್ಷೆ ಆದವರ ಪಟ್ಟಿ ತಗೊಂಡೆ. ಈ ಜೈಲು, ಹೆಂಗಸರ ಜೈಲು, ಎರಡರದ್ದೂ. ಹತ್ತು ವರ್ಷದ್ದು. ಅದರಲ್ಲಿ ಚೀಟಿ ಎತ್ತಿದ ಹಾಗೆ."

"ಹೆಂಗಸರದ್ದೂನಾ?"

"ಹೌದು."

"ಹಾಗಾದ್ರೆ ಅವಳ ಹೆಸರೂ ಆ ಪಟ್ಟಿಯಲ್ಲಿದೆ."

ಇರಲೇಬೇಕು. ನಾನೇ ಆ ಪಟ್ಟಿಯನ್ನು ಕಂಪ್ಯೂಟರಿಗೆ ಇಳಿಸಿದ್ದೆ, ಒಂದು ಇಡೀ ಬೇಸಿಗೆ.

ಅವರು ನಗಲು ಶುರು ಮಾಡಿದರು. ಮೊದಲು ಸದ್ದಿಲ್ಲದೆ, ಭುಜ ಮಾತ್ರ. "ಚೀಟಿ ಸ್ವಲ್ಪ ಆಚೀಚೆ ಆಗಿದ್ರೆ ನೀವು ಅವಳನ್ನ ಕೂರಿಸ್ಕೊಂಡು ಕೇಳ್ತಿದ್ರಿ. ನಿಮ್ಮ ಪುಸ್ತಕದ ಮಾತಲ್ಲಿ. ‘ಆ ಮನೆಯನ್ನು ತಾವು ಹೇಗೆ ಆಯ್ಕೆ ಮಾಡಿದಿರಿ? ಕಿಟಕಿ ತೆಗೆಯಲು ಎಷ್ಟು ನಿಮಿಷ ಹಿಡಿಯಿತು?’" ನನ್ನ ಉಚ್ಚಾರವನ್ನು ಎಷ್ಟು ಚೆನ್ನಾಗಿ ಅಣಕಿಸಿದರೆಂದರೆ ನನಗೂ ನಗು ಬಂತು. "ಪಾಪ, ಏನು ಹೇಳ್ತಿದ್ಲು ಅವಳು? ‘ಅಮ್ಮಾ ನಾನು ಸಾರು ಮಾಡ್ತಿದ್ದೆ’ ಅಂತಿದ್ಲು. ನೀವು ಅದನ್ನ ಏನಂತ ಬರ್ಕೋತಿದ್ರಿ?"

ನನಗೆ ಗೊತ್ತಿತ್ತು. ಅದಕ್ಕೂ ನಮ್ಮಲ್ಲಿ ಒಂದು ಸಂಕೇತ ಇದೆ. ತಪ್ಪು ಒಪ್ಪಿಕೊಳ್ಳದವರ ಉತ್ತರದ ಪಕ್ಕ ‘ನಿರಾಕರಣೆ’ ಎಂದು ಬರೆಯುತ್ತೇವೆ. ನನ್ನ ಮೂರನೇ ಅಧ್ಯಾಯವೇ ನಿರಾಕರಣೆಯ ಬಗ್ಗೆ. ಮೂವತ್ತಾರು ಪುಟ.

"ನಿರಾಕರಣೆ ಅಂತ" ಎಂದೆ.

ಅವರ ನಗು ನಿಂತಿತು. ಪೆನ್ನು ಕೈಯಲ್ಲೇ ಇತ್ತು. ಗಾಜಿನಾಚೆ ಯಾರೋ ಬಕೆಟ್ ಎಳೆದುಕೊಂಡು ಹೋದರು.

"ಅವರ ಹೆಸರು ನಿಮಗೆ ನೆನಪಿದೆಯಾ?" ಎಂದು ಕೇಳಿದೆ. ನನ್ನ ಪ್ರಶ್ನೆಗಳ ಪಟ್ಟಿಯಲ್ಲಿ ಇಲ್ಲದ್ದು.

ಅವರು ಹೆಸರು ಹೇಳಿದರು. ತಡಕಾಡಲಿಲ್ಲ. ಅವಳ ವಯಸ್ಸನ್ನೂ ಹೇಳಿದರು, ಪೇಪರಿನಲ್ಲಿ ಬಂದ ಫೋಟೋದಲ್ಲಿ ಅವಳು ಸೆರಗಿನಿಂದ ಮುಖದ ಯಾವ ಭಾಗ ಮುಚ್ಚಿಕೊಂಡಿದ್ದಳೆಂಬುದನ್ನೂ ಹೇಳಿದರು. ಆಮೇಲೆ ಅರ್ಜಿಯನ್ನು ನನ್ನ ಕಡೆ ತಳ್ಳಿದರು.

"ಆ ಇನ್ನೊಂದು ಕಾಗದ ತಂದಿದೀರಾ?"

"ಯೋಚನೆ ಮಾಡಿ ಯಜಮಾನ್ರೇ. ನಿಮ್ಮ ಮಗಳು..."

"ಮಗಳ ವಿಷಯ ನಿಮಗ್ಯಾಕೆ? ನೀವು ಕೇಳಿದ್ದಕ್ಕೆ ಹೇಳ್ತಿದೀನಿ, ಬರ್ಕೊಳ್ಳಿ. ಆದ್ರೆ ಒಂದು ಮಾತು. ಮೆಷಿನ್ನು ಮರೆತು ಸಿಕ್ಕಿಬಿದ್ದ ಅಂತ ಬರೀಬಾರದು. ಇವತ್ತು, ಎದ್ದಿರೋರ ಎದುರು, ತಾನಾಗೇ ಹೇಳಿದ ಅಂತ ಬರೀರಿ."

"ಎರಡೂ ಬರೀಬೇಕಾಗುತ್ತೆ. ನಾನು ಮಲಗಿದ್ದೂ."

"ನಿಮ್ಮ ನಿದ್ದೆ ನೀವು ಬರ್ಕೊಳ್ಳಿ. ಅದಕ್ಕೆ ನಾನೇನು ಮಾಡ್ಲಿ?" ಎಂದು ಕುರ್ಚಿಯನ್ನು ಮುಂದೆ ಎಳೆದುಕೊಂಡರು. "ಮೂರನೇ ಮನೆ ಅಂದಿದ್ನಾ ಅವತ್ತು? ನಾಲ್ಕನೇದು. ಮೂರನೇದಕ್ಕೆ ನಾಯಿ ಇತ್ತು. ಸರಿಯಾಗಿ ಬರೀರಿ, ಇನ್ನು ಆ ಮನೆ ಅಡುಗೆಯೋರನ್ನ ಹಿಡ್ಕೊಂಡು ಹೋದಾರು."

ಬರೆದೆ. ಅವರು ಹೇಳಿದಂತೆ ಹೇಳಿದಷ್ಟೂ. ನಮೂನೆಯಲ್ಲಿ ಹೇಳಿಕೆಗೆ ಕೊಟ್ಟಿದ್ದು ಐದೇ ಸಾಲು, ಹಿಂಬದಿಗೆ ತಿರುಗಿಸಿದೆ. ಸಂಶೋಧಕರ ಲೋಪ ಏನಾದರೂ ಇದ್ದಲ್ಲಿ ಎಂಬ ಕಡೆ ನನ್ನದನ್ನೂ ಬರೆದೆ. ನಿದ್ದೆಯನ್ನೂ, ಎರಡು ದಿನದ ವಿಳಂಬವನ್ನೂ. ಸೋಮವಾರ ಗೈಡ್ ಇದನ್ನು ಓದುತ್ತಾರೆ, ಕನ್ನಡಕ ತೆಗೆಯುತ್ತಾರೆ, ಪತ್ರವನ್ನು ಡ್ರಾಯರಿಗೆ ಹಾಕುತ್ತಾರೆ. ಬೈಯುವುದಿಲ್ಲ. ಬೈಯುವುದಕ್ಕೂ ಅವರಲ್ಲಿ ಶಕ್ತಿ ಉಳಿದಿಲ್ಲ. ಇದೆಲ್ಲ ಗೊತ್ತಿದ್ದೂ ನನ್ನ ಅಕ್ಷರ ದುಂಡಗೆ ಬರುತ್ತಿತ್ತು, ಪರೀಕ್ಷೆಯ ಮೊದಲ ಪುಟದಲ್ಲಿ ಬರುವ ಹಾಗೆ.

ಅವರು ಎದ್ದರು. "ಇದು ಯಾವಾಗ ತಲುಪುತ್ತೆ ಅವರಿಗೆ?"

"ಹೊರಗೆ ಹೋಗ್ತಾ ಸೂಪರಿಂಟೆಂಡೆಂಟ್ ಆಫೀಸಲ್ಲಿ ಕೊಡ್ತೀನಿ. ಈಗಲೇ."

"ಹಾಗಾದ್ರೆ ಇವತ್ತೇ ಮಗಳಿಗೆ ಫೋನ್ ಮಾಡ್ಬೇಕು. ನನ್ನ ರೂಮು ಅಂತ ಮಂಚ ಗಿಂಚ ತರಿಸ್ತಿದಾಳೆ." ಬಾಗಿಲ ತನಕ ಹೋದವರು ತಿರುಗಿದರು. "ಏನಂತ ಶುರು ಮಾಡೋದು ಅಂತ ನಿಮ್ಮ ಓದಿನಲ್ಲಿ ಏನಾದ್ರೂ ಇದೆಯಾ?"

"ಇಲ್ಲ."

"ಮತ್ತೆ ನಾಲ್ಕು ವರ್ಷ ಏನು ಓದಿದ್ರಿ" ಎಂದು ಗೊಣಗಿ ಹೋದರು.

ಆಫೀಸಿನಲ್ಲಿ ಕಾಗದ ಕೊಟ್ಟು ಮುದ್ರೆ ಹಾಕಿಸಿಕೊಂಡೆ. ಅಲ್ಲಿಂದ ಗೇಟಿಗೆ ಐವತ್ತು ಹೆಜ್ಜೆ ಇರಬಹುದು. ಸುದ್ದಿ ನನಗಿಂತ ಮುಂಚೆ ನಡೆದಿತ್ತು. ಗೇಟಿನ ವಾರ್ಡರ್ ನನ್ನ ಫೋನು, ಕೀಗಳಿದ್ದ ತಟ್ಟೆಯನ್ನು ಮುಂದೆ ನೂಕಿದಳು. ಡಾಕ್ಟರಮ್ಮ ಅನ್ನಲಿಲ್ಲ.

"ಹನ್ನೆರಡನೆಯೋನು ಬರಲ್ವಂತೆ. ಹೊಟ್ಟೆನೋವಂತೆ."

"ಮುಂದಿನ ವಾರ?"

"ಮುಂದಿನ ವಾರವೂ ನೋವಿರುತ್ತಂತೆ." ರಿಜಿಸ್ಟರ್ ತಿರುಗಿಸಿದಳು. "ಸಹಿ ಮಾಡಿ. ಹೊರಗೆ ಹೋದ ಸಮಯ ಬರೀರಿ."

ಸಹಿ ಮಾಡಿ ತಲೆ ಎತ್ತಿದಾಗ, ಜಾಲರಿಯ ಆಚೆ ಓಣಿಯ ಗೋಡೆಗೆ ತಗುಲಿಸಿದ ಫೋನು ಕಂಡಿತು. ಅದರ ಮುಂದೆ ಸಾಲಿತ್ತು. ಹನ್ನೊಂದು ಮೂರನೆಯವರಾಗಿ ನಿಂತಿದ್ದರು. ತುಟಿ ಅಲ್ಲಾಡುತ್ತಿತ್ತು. ಮೊದಲಿನವನ ಮಾತು ಮುಗಿಯಿತು, ಎರಡನೆಯವನದೂ ಬೇಗ ಮುಗಿಯಿತು, ಅತ್ತ ಯಾರೂ ಎತ್ತಲಿಲ್ಲವೇನೋ. ಇವರು ಫೋನಿನ ಹತ್ತಿರ ಹೋದರು. ಕೈ ಮುಂದೆ ಚಾಚಿ, ಹಿಂದೆ ತೆಗೆದುಕೊಂಡರು. ಪಕ್ಕಕ್ಕೆ ಸರಿದು ಹಿಂದಿನವನಿಗೆ ಮೊದಲು ನೀನು ಮಾಡು ಎಂದು ಸನ್ನೆ ಮಾಡಿದರು.

ನಾನು ಬೆಲ್ಟು ಹಾಕಿಕೊಂಡು ಮುಗಿಸುವಷ್ಟರಲ್ಲಿ ಇನ್ನೂ ಇಬ್ಬರನ್ನು ಮುಂದೆ ಬಿಟ್ಟಿದ್ದರು.